ಹಿತ್ತಲ ಕಡೆಯ ಓಟು

ನಾನು ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುತ್ತಿದ್ದ ಕಾಲದಲ್ಲಿ, ಲೋಕಸಭಾ ಕ್ಷೇತ್ರ ಎಂದರೇನು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ನಾಲ್ಕು ಸಾಲಿನ ಉತ್ತರವಿತ್ತು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ನಾನು ಕೆಂಪು ಇಂಕಿನಲ್ಲಿ ರೈಟ್ ಹಾಕುತ್ತಿದ್ದೆ. ಅವರಿಗೂ ಏನೂ ಅರ್ಥವಾಗುತ್ತಿರಲಿಲ್ಲ, ಮೇಡಂ ಎನಿಸಿಕೊಂಡ ನನಗೂ ಅಷ್ಟೆ. ಅರ್ಥ ಮಾಡಿಸಿದವನು ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ರೂಮಿಗೆ ಬಾಡಿಗೆಗೆ ಬಂದ, ಆಫ್ರಿಕಾದ ಜಾಂಬಿಯಾ ದೇಶದವನು.

ತೊಂಬತ್ತರ ದಶಕದ ಕೊನೆಯ ಮಾತು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದಲು ಬಂದಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಎಷ್ಟು ಎತ್ತರವೆಂದರೆ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ದಿನಾ ತಲೆ ಕುಟ್ಟಿಸಿಕೊಳ್ಳುತ್ತಿದ್ದ, ದಿನಾ ಗೋಡೆಗೆ ಸಾರಿ ಹೇಳುತ್ತಿದ್ದ. ಕನ್ನಡವನ್ನು ಕಾಲೇಜಿನ ಕ್ಯಾಂಟೀನಿನಲ್ಲಿ ಕಲಿತಿದ್ದರಿಂದ ಅಪ್ಪನನ್ನು ನೋಡಿದ ಮೊದಲ ದಿನವೇ "ಏನ್ ಗುರು, ಊಟ ಆಯ್ತಾ?" ಎಂದ. ಅಪ್ಪ ಸರ್ಕಾರಿ ಆಫೀಸಿನಲ್ಲಿ ಹೆಡ್‌ಕ್ಲರ್ಕ್. ಹುಟ್ಟಿದಾಗಿನಿಂದ ಯಾರೂ ಅವರನ್ನು ಗುರು ಎಂದಿರಲಿಲ್ಲ. ಒಂದು ದಿನವಿಡೀ ಮುಖ ಗಂಟು ಹಾಕಿಕೊಂಡಿದ್ದವರು ಮಾರನೆಯ ದಿನ ಅದನ್ನು ಇನ್ನೊಮ್ಮೆ ಕೇಳಲಿಕ್ಕೇ ಗೇಟಿನ ಹತ್ತಿರ ಸುಳಿದಾಡುತ್ತಿದ್ದರು.

ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವನು ತನ್ನ ಕ್ಷೇತ್ರದ ಕತೆ ಹೇಳುತ್ತಿದ್ದ. ಒಂದು ತುದಿಯಲ್ಲಿ ಟೌನು: ರೈಲ್ವೆ ಸ್ಟೇಷನ್, ಮಾರ್ಕೆಟ್, ಕೂಲಿಕಾರರ ಸಾಲುಮನೆಗಳು, ಒಂದು ಚರ್ಚಿಗೆ ಎರಡು ಬಾರು. ಇನ್ನೊಂದು ತುದಿಯಲ್ಲಿ ಮೆಕ್ಕೆಜೋಳದ ಹೊಲ, ನದಿ, ಊರಿಗೊಬ್ಬ ಯಜಮಾನನಿರುವ ಹಳ್ಳಿಗಳು. ಮಧ್ಯೆ ಒಂದು ಟಾರು ರಸ್ತೆ. ಪಾರ್ಲಿಮೆಂಟಿಗೆ ಎರಡೂ ತುದಿಗೆ ಸೇರಿ ಒಬ್ಬನೇ ಮೆಂಬರು. ಆ ಒಬ್ಬ ತಾನಾಗಬೇಕು ಎಂಬುದು ಅವನ ಆಸೆ. ಪಕ್ಷದ ಹಿರಿಯರು ಟಿಕೆಟ್ ಕೊಡುತ್ತೇವೆ ಎಂದಿದ್ದರಂತೆ, ಆದರೆ ಒಂದು ಮಾತು ಸೇರಿಸಿದ್ದರಂತೆ: ನೀನು ಟೌನಿನ ಕೂಸು, ಹಳ್ಳಿಯಲ್ಲಿ ಹೇಗೆ ಕೂರಬೇಕೆಂಬುದೇ ನಿನಗೆ ಗೊತ್ತಿಲ್ಲ.

"ನಿಜ ಗುರು. ಹಳ್ಳಿ ನೋಡಿರೋದು ಬಸ್ ಕಿಟಕೀಲಿ ಮಾತ್ರ. ಟೌನಲ್ಲಿ ಚಪ್ಪಾಳೆ ಜಾಸ್ತಿ, ಓಟು ಇರೋದು ಹಳ್ಳೀಲಿ. ಅಲ್ಲಿನ ಅಜ್ಜಿಯರ ಮುಂದೆ ನಿಲ್ಬೇಕು ಅಂದ್ರೇನೇ ನನ್ ಬಾಯಿ ಒಣಗ್ಬಿಡತ್ತೆ" ಎಂದ. ನಗುತ್ತಲೇ ಹೇಳಿದ, ಆದರೆ ಅವನಿಗೆ ನಿಜಕ್ಕೂ ಭಯವಿತ್ತು.

ಅಪ್ಪ ಲೋಟ ಕೆಳಗಿಟ್ಟರು. "ಅದಕ್ಕ್ಯಾಕ್ ತಲೆ ಕೆಡಿಸ್ಕೋತೀಯಾ? ನಮ್ ಮನೇಲೇ ಎರಡೂ ಇದೆಯಲ್ಲ!"

ಅದು ಸುಳ್ಳಲ್ಲ. ನಮ್ಮ ಮನೆಯ ಮುಂಭಾಗ ಪೇಪರು, ಫಿಲ್ಟರ್ ಕಾಫಿ, ಗ್ರಿಲ್ ಬಾಗಿಲು. ನಡುಮನೆ ದಾಟಿ ಹಿತ್ತಲಿಗೆ ಹೋದರೆ ಅಪ್ಪನ ಅಮ್ಮ. ಮಾಗಡಿ ಕಡೆಯ ಹಳ್ಳಿಯಿಂದ ಬಂದ ಅಜ್ಜಿ ಬರುವಾಗ ಹಳ್ಳಿಯನ್ನೂ ಜೊತೆಗೇ ತಂದಿದ್ದಳು. ರಾಗಿ ಚೀಲ, ಮೊರ, ಒರಳುಕಲ್ಲು, ಸೌದೆ ಒಲೆ ಎಲ್ಲ ಅಲ್ಲಿದ್ದವು. ಗ್ಯಾಸಿನಲ್ಲಿ ಬೆಂದ ಮುದ್ದೆಯನ್ನು ಅವಳು ಮುದ್ದೆ ಎಂದು ಒಪ್ಪುತ್ತಿರಲಿಲ್ಲ. ಮುಂಬಾಗಿಲಿಗೆ ಬರುತ್ತಿದ್ದದ್ದು ಹಬ್ಬಕ್ಕೆ, ಬಿಟ್ಟರೆ ಓಟು ಹಾಕುವ ದಿನ.

ಹೀಗೆ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಜಾಂಬಿಯಾದ ಚುನಾವಣಾ ಪ್ರಚಾರ ಶುರುವಾಯಿತು. ಮುಂದಿನ ಬಾಗಿಲಿಗೆ ಅಪ್ಪ ಟೌನಿನ ಮತದಾರ. ಅವನು ಬೆಲ್ ಒತ್ತಿದರೆ ಅಪ್ಪ ಪೇಪರಿನಿಂದ ಕಣ್ಣೆತ್ತದೆ, "ಯಾರು? ನಲ್ಲಿ ನೀರು ದಿನ ಬಿಟ್ ದಿನ ಬರ್ತಿದೆ, ಮೊದಲು ಅದಕ್ಕೆ ಉತ್ತರ ಹೇಳಿ" ಎನ್ನುತ್ತಿದ್ದರು. ಉತ್ತರ ಹೇಳಿದರೆ "ಆಯ್ತು, ಪಾಂಪ್ಲೆಟ್ ಗ್ರಿಲ್ಲಿಗೆ ಸಿಕ್ಕಿಸಿ ಹೋಗಿ" ಎನ್ನುತ್ತಿದ್ದರು. ಪಾತ್ರದಲ್ಲಿ ಎಷ್ಟು ಮುಳುಗಿದ್ದರೆಂದರೆ ಒಂದು ಭಾನುವಾರವೂ ಬಾಗಿಲು ತೆಗೆಯಲಿಲ್ಲ. ಪಾಪ, ಅವನು ಪಕ್ಕದ ಓಣಿಯಲ್ಲಿ ನುಸುಳಿ ಹಿತ್ತಲಿಗೆ ಬರಬೇಕಾಗುತ್ತಿತ್ತು.

ಹಿತ್ತಲಲ್ಲಿ ಕಷ್ಟ ಬೇರೆಯೇ. ಮೊದಲ ವಾರ ನಿಂತುಕೊಂಡೇ ರಸ್ತೆ, ಶಾಲೆ, ಆಸ್ಪತ್ರೆ ಎಂದು ಭಾಷಣ ಮಾಡಿದ. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಲೇ ಇದ್ದಳು. ಕೊನೆಗೆ ನನ್ನ ಕಡೆ ತಿರುಗಿ, "ನಿಂತ್ಕಂಡ್ ಮಾತಾಡ್ತಾವ್ನಲ್ಲ, ಬಸ್ಸಿಗೆ ಒತ್ತಾಯ್ತಂತಾ?" ಎಂದಳು.

ಮುಂದಿನ ವಾರ ತನ್ನ ಸೀಮೆಯ ಮರ್ಯಾದೆ ತೋರಿಸುತ್ತೇನೆಂದು ಹೊರಟ. ಅವರ ಹಳ್ಳಿಗಳಲ್ಲಿ ಹಿರಿಯರ ಮುಂದೆ ಮಂಡಿ ಮಡಿಸಿ ಕುಕ್ಕರಗಾಲಲ್ಲಿ ಕೂತು, ಅಂಗೈ ಬಟ್ಟಲು ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರಂತೆ. ಹಾಗೇ ಮಾಡಿದ. ಅಜ್ಜಿ ಗಾಬರಿಯಾಗಿ "ಇದ್ಯಾಕ್ಲಾ ನನ್ ಮುಂದೆ ಭಜನೆ?" ಎಂದಳು. ಅಷ್ಟರಲ್ಲಿ ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಇದನ್ನು ನೋಡಿಬಿಟ್ಟರು. ಸಂಜೆಯೊಳಗೆ ಅಜ್ಜಿಯ ಮೈಮೇಲೆ ದೇವರು ಬರುತ್ತದೆ, ಫಾರಿನ್ನಿನವರೂ ಬಂದು ಕಾಲಿಗೆ ಬೀಳುತ್ತಾರೆ ಎಂದು ಬೀದಿಯೆಲ್ಲ ಸುದ್ದಿ. ಒಬ್ಬಾಕೆ ಎಲೆ ಅಡಿಕೆ ತೆಂಗಿನಕಾಯಿ ಹಿಡಿದು ಮಗಳ ಮದುವೆ ಯಾವಾಗ ಎಂದು ಕೇಳಲು ಬಂದೇಬಿಟ್ಟಳು. ಅಜ್ಜಿ ಒಂದಿಷ್ಟೂ ಅಳುಕದೆ "ಆಷಾಢ ಕಳೀಲಿ" ಎಂದು ಕಳಿಸಿದಳು. ಅಮ್ಮ ಆ ತೆಂಗಿನಕಾಯಿಯಲ್ಲಿ ಚಟ್ನಿ ಮಾಡಿದರು.

ಆಮೇಲೆ ಊಟದ ಪರೀಕ್ಷೆ. ಬಸ್ಸಾರು, ಮುದ್ದೆ. ತಟ್ಟೆ ಮುಂದೆ ಇಟ್ಟ ತಕ್ಷಣ ಅವನ ಕಣ್ಣು ಅರಳಿತು. ತಮ್ಮಲ್ಲೂ ಇದೇ ಊಟ, ಹೆಸರು ನ್ಶಿಮಾ, ಮೆಕ್ಕೆಜೋಳದ್ದು, ಬಣ್ಣ ಬಿಳಿ ಎಂದ. ಖುಷಿಯಿಂದ ಒಂದು ತುತ್ತು ಮುರಿದು ಉಂಡೆ ಮಾಡಿ ಚೆನ್ನಾಗಿ ಅಗಿದ. ಅಜ್ಜಿ ಎದೆ ಹಿಡಿದುಕೊಂಡಳು. "ಅಗೀಬ್ಯಾಡ್ವೋ! ನುಂಗೋ!" ಅವನು ನುಂಗಿದ, ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತುತ್ತಿಗೆ ಕೈ ಹಾಕಿದ. ಅಜ್ಜಿ ಅವನ ಹೊಲ ಯಾವುದು, ಮಳೆ ಯಾವಾಗ, ಅವನ ಅಮ್ಮನಿಗೂ ತನ್ನ ಹಾಗೆ ಮಂಡಿನೋವಿದೆಯಾ ಎಂದು ವಿಚಾರಿಸಿದ್ದು ಆವತ್ತೇ ಮೊದಲು. ಹೊಲ ಇಲ್ಲ ಎಂದದ್ದಕ್ಕೆ ಬೇಜಾರು ಮಾಡಿಕೊಂಡಳು.

ಒಂದು ಭಾನುವಾರ ಅವನೇ ಅಕ್ಕಿಪೇಟೆಯೆಲ್ಲ ಸುತ್ತಿ ಬಿಳಿ ಮೆಕ್ಕೆಜೋಳದ ಹಿಟ್ಟು ತಂದು ಅಜ್ಜಿಯ ಒಲೆಯ ಮೇಲೆ ನ್ಶಿಮಾ ತಿರುವಿದ. ಅಮ್ಮ ಅಡುಗೆಮನೆ ಕಿಟಕಿಯಿಂದ ಇಣುಕಿ ನೋಡಿ ಅನ್ನಕ್ಕಿಟ್ಟರು. ಅಜ್ಜಿ ಮಾತ್ರ ಒಂದು ತುತ್ತು ನುಂಗಿ, "ಉಪ್ಪೇ ಇಲ್ವಲ್ಲೋ. ಇದ್ ತಿಂದು ಜನ ಓಟು ಹಾಕ್ತಾರಾ?" ಎಂದಳು. ಹಾಗೆನ್ನುತ್ತಲೇ ಇನ್ನೊಂದು ತುತ್ತು ಹಾಕಿಸಿಕೊಂಡಳು.

ಓದು ಮುಗಿಯುವ ಹೊತ್ತಿಗೆ ಅವನಿಗೆ ಹಿತ್ತಲಲ್ಲಿ ಭಾಷಣವೇ ಮರೆತುಹೋಗಿತ್ತು. ಬರುತ್ತಿದ್ದ, ಅಜ್ಜಿಯ ಜೊತೆ ಅವರೆಕಾಯಿ ಬಿಡಿಸುತ್ತಿದ್ದ, ಅವಳು ಬೈದದ್ದನ್ನೆಲ್ಲ ಕೇಳಿಸಿಕೊಂಡು ಹೋಗುತ್ತಿದ್ದ. ಹೊರಡುವ ದಿನ ಕುಕ್ಕರಗಾಲಲ್ಲಿ ಕೂತು ಕೇಳಿದ: "ಅಜ್ಜಿ, ನೀನು ನಮ್ಮ ಹಳ್ಳಿಯವಳಾಗಿದ್ರೆ ನಂಗೆ ಓಟ್ ಹಾಕ್ತಿದ್ದೆ ತಾನೇ?"

ಅಜ್ಜಿ ಎಲೆಗೆ ಸುಣ್ಣ ಸವರುತ್ತ "ನೋಡಾಣ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವನು ಹೊರಟು ನಿಂತಿದ್ದಾನೆ, ಹೂಂ ಅನ್ನಬಾರದಿತ್ತೇ ಈ ಮುದುಕಿ? ಆಟೋದವರೆಗೂ ಅಪ್ಪ ಅವನಿಗೆ ಸಮಾಧಾನ ಹೇಳಿದರು. "ನಮ್ ಕಡೆ ಹಳ್ಳೀಲಿ ನೋಡಾಣ ಅಂದ್ರೆ ಇಲ್ಲ ಅಂತ ಅಲ್ಲಪ್ಪಾ." ಅವನು ತಲೆಯಾಡಿಸಿದ. ಗೆಲ್ಲಲಿ ಸೋಲಲಿ, ಒಂದು ಸಲ ಬಂದು ಅಜ್ಜಿಯ ಕೈ ಮುದ್ದೆ ಉಂಡೇ ಹೋಗುತ್ತೇನೆ ಎಂದ.

ಅದಾಗಿ ಸುಮಾರು ದಿನಗಳ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. "ಗುರು, ಗೆದ್ದೆ!" ಅಪ್ಪ ಕಿರುಚಿದ್ದಕ್ಕೆ ಎದುರುಮನೆಯವರೂ ಹೊರಗೆ ಬಂದರು. ಹಳ್ಳಿಗಳಿಗೆ ಹಳ್ಳಿಗಳೇ ಅವನ ಹಿಂದೆ ನಿಂತವಂತೆ. ಹಿಂದೆ ಬಿದ್ದದ್ದು ಟೌನಿನಲ್ಲಂತೆ. ಇದನ್ನು ಕೇಳಿ ಅಪ್ಪನ ಮುಖ ಸ್ವಲ್ಪ ಸಪ್ಪಗಾಯಿತು, ಟೌನಿನ ಪಾಠ ಅವರದಲ್ಲವೇ. ಅಮ್ಮ ಆಗಲೇ ರವೆ ಹುರಿಯಲು ಇಟ್ಟಾಗಿತ್ತು.

ನಾನು ಹಿತ್ತಲಿಗೆ ಓಡಿದೆ. "ಅಜ್ಜೀ, ಗೆದ್ದ! ಹಳ್ಳಿಯವರೆಲ್ಲ ಅವನಿಗೇ ಹಾಕಿದ್ರಂತೆ. ನೀನ್ ಕಲಿಸಿದ್ದೇ ಕೈ ಹಿಡೀತು!"

ಅಜ್ಜಿಯ ಕೈಯಲ್ಲಿದ್ದ ಮೊರ ನಿಂತಿತು. "ಗೆದ್ಬುಟ್ನಾ?" ಎಂದಳು. ಆಮೇಲೆ, "ಅಯ್ಯೋ, ಹಂಗಾರೆ ಇನ್ ಬರಾಕಿಲ್ಲ ಬುಡು."

"ಯಾಕಜ್ಜೀ? ಬಂದೇ ಬರ್ತೀನಿ ಅಂದಿದಾನಲ್ಲ."

"ಗೆದ್ದೋರು ಯಾರಾನ ತಿರುಗಿ ಬಂದಿದ್ನ ನೋಡಿದೀಯಾ? ಸೋತೋನು ಬತ್ತಾನೆ, ಇನ್ನೊಂದ್ ಸಲ ಕೇಳಾಕೆ. ಅದ್ಕೇ ಕಣವ್ವಾ ನಾನು ಹಾಕ್ತೀನಿ ಅನ್ನದೇ ಇದ್ದುದ್ದು."

ಕೇಸರಿಬಾತಿನ ತಟ್ಟೆ ಹಿಡಿದು ಬಂದಿದ್ದ ಅಪ್ಪ ವಾದ ಮಾಡಲು ಬಾಯಿ ತೆಗೆದರು. ತಾವು ಓಟು ಹಾಕಿ ಗೆಲ್ಲಿಸಿದವರಲ್ಲಿ ಮತ್ತೆ ನಮ್ಮ ಬಾಗಿಲಿಗೆ ಬಂದ ಒಬ್ಬನನ್ನಾದರೂ ನೆನಪಿಸಿಕೊಳ್ಳಲು ನೋಡಿದರು. ಪೌರನೀತಿಯ ಮೇಡಮ್ಮು ನಾನೂ ನೋಡಿದೆ. ಯಾರೂ ನೆನಪಾಗಲಿಲ್ಲ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಕಂಡು ನನಗೂ ಅಳು ಬಂತು. ಅವಳಿಗೆ ಅವನು ಬೇಕಾಗಿದ್ದ, ಅಷ್ಟೆ.

ಅವಳು ಎದ್ದು ತುಳಸಿಕಟ್ಟೆಯ ಮುಂದೆ ಹೋಗಿ ಕೈ ಮುಗಿದು ನಿಂತಳು. "ಮುಂದಿನ್ ಸಲ ಒಸಿ ಸೋಲಿಸ್ಬುಡವ್ವಾ" ಎಂದು ಬೇಡಿಕೊಂಡಳು. ಅಪ್ಪ ಕೇಸರಿಬಾತಿನ ತಟ್ಟೆಯನ್ನು ಒರಳುಕಲ್ಲಿನ ಮೇಲಿಟ್ಟು ಅವಳ ಹಿಂದೆ ನಿಂತು ಕೈ ಮುಗಿದರು, ನಾನೂ ಮುಗಿದೆ.