ಕೆಂಪು ದಾರದ ಬಾಟಲಿ

ಕಣ್ಣು ಹೋದ ಮೇಲೆ ಬ್ಯಾಟರಿ ಅಂಗಡಿ ಮುಚ್ಚಿಬಿಡು ಎಂದವರೇ ಹೆಚ್ಚು. ನಾನು ಮುಚ್ಚಲಿಲ್ಲ. ಹೊಸದುರ್ಗದ ಆ ಸಣ್ಣ ಅಂಗಡಿಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿಯನ್ನು ಈಗಲೂ ತಡವಿಯೇ ರಿಪೇರಿ ಮಾಡುತ್ತೇನೆ. ತಲೆನೋವೆಂದರೆ ಡಬ್ಬಿ, ಬಾಟಲಿಗಳದ್ದು. ಕೈಗೆ ಎಲ್ಲವೂ ಒಂದೇ. ಅದಕ್ಕೇ ಚಿತ್ರದುರ್ಗದಲ್ಲಿರುವ ಮಗಳು ಬಾರ್‌ಕೋಡ್ ಓದಿ ಹೇಳುವ ಯಂತ್ರ ತಂದುಕೊಟ್ಟಳು. ಡಬ್ಬಿಯ ಮೈಗೆ ಹಿಡಿದರೆ ಕೀಂ ಎಂದು ಹೆಸರು ಹೇಳುತ್ತದೆ. ನನಗೋ ಹಿಗ್ಗೋ ಹಿಗ್ಗು. ಉಪ್ಪಿನಕಾಯಿ ಬಾಟಲಿಯನ್ನೂ ಬಿಡದೆ ಓದಿಸಿದೆ.

ಒಂದು ಬೇಸಿಗೆಯ ಮಧ್ಯಾಹ್ನ ನನ್ನಾಕೆ ಬುತ್ತಿ ಹಿಡಿದು ಬಿಸಿಲಲ್ಲಿ ನಡೆದು ಬಂದಳು. ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಅವಳ ತಮ್ಮ ಇನ್ವರ್ಟರ್ ಕೂರಿಸಲು ಹೊರಗೆ ಹೋಗಿದ್ದ.

"ಗಂಟಲು ಒಣಗೈತೆ, ನೀರು ಐತೇನ್ರಿ?" ಎಂದಳು.

ಹಲಗೆಯ ಮೇಲೆ ತಡವಿದೆ. ಒಂದು ಬಾಟಲಿ ಸಿಕ್ಕಿತು, ಕತ್ತಿಗೆ ದಾರ ಕಟ್ಟಿತ್ತು. ಮತ್ತೋಡು ಕಡೆಯ ರೈತರು ಟ್ರ್ಯಾಕ್ಟರಿಗೆ ನೇತುಹಾಕಲು ಹೀಗೇ ಕಟ್ಟಿಕೊಳ್ಳುತ್ತಾರೆ, ಯಾರೋ ಮರೆತು ಹೋಗಿರಬೇಕು ಅಂದುಕೊಂಡೆ. ಆದರೂ ಯಂತ್ರ ಹಿಡಿದೆ. "ಕುಡಿಯುವ ನೀರು, ಒಂದು ಲೀಟರ್" ಎಂದಿತು. ಅವಳ ಕೈಗಿಟ್ಟೆ.

ಮುಚ್ಚಳ ತಿರುಗಿದ ಸದ್ದು ಕೇಳಿತು. ಆಗ ನನ್ನ ಖಾಲಿ ಕೈಗೆ ಜ್ಞಾನ ಬಂತು. ಬಾಟಲಿ ಭಾರವಿತ್ತು. ನೀರು ಅಷ್ಟು ಭಾರ ಇರುವುದಿಲ್ಲ, ಬ್ಯಾಟರಿ ಆ್ಯಸಿಡ್ ಇರುತ್ತದೆ.

"ಕುಡೀಬ್ಯಾಡ!"

ಬಾಟಲಿ ನೆಲಕ್ಕೆ ಬಿತ್ತು. ಸಿಮೆಂಟು ಸುಯ್ಯೆಂದು ನೊರೆಯಾಗುವ ಸದ್ದು. ಅವಳದು ಮಾತ್ರ ಸದ್ದಿಲ್ಲ.

ತುಟಿಗೆ ತಾಗಿತೋ? ಗಂಟಲಿಗೆ ಇಳಿಯಿತೋ? ಕಣ್ಣಿದ್ದವನಿಗೆ ಒಂದು ನೋಟ ಸಾಕು. ನನಗೆ ಅವಳೇ ಹೇಳಬೇಕು, ಅವಳು ಹೇಳುತ್ತಿಲ್ಲ. "ಮಾತಾಡೇ, ನಿನ್ ಕಾಲಿಗೆ ಬೀಳ್ತೀನಿ, ಮಾತಾಡೇ!" ಎಂದು ಕೂಗಿಕೊಂಡೆ. ಇನ್ನೊಂದು ಕೈಯಲ್ಲಿದ್ದ ಯಂತ್ರದ ಯಾವುದೋ ಗುಂಡಿಯನ್ನು ಬೆರಳು ಒತ್ತಿತು. "ಕುಡಿಯುವ ನೀರು, ಒಂದು ಲೀಟರ್" ಎಂದು ಆ ಹಾಳು ಯಂತ್ರ ಮತ್ತೆ ನುಡಿಯಿತು. ಎತ್ತಿ ಬಿಸಾಡಿದೆ.

"ಸೀರೆ ತೂತಾಯ್ತು ರೀ," ಎಂದಿತು ಅವಳ ದನಿ, ತೀರಾ ಮೆಲ್ಲಗೆ. "ಬಾಯಿಗೆ ಹಾಕಿಲ್ಲ."

ಬಕೆಟ್ಟಿನ ನೀರನ್ನೆಲ್ಲ ಅವಳ ಕಾಲಿಗೆ ಸುರಿದೆ. ನೆಲದಲ್ಲೇ ಕುಳಿತು ಅತ್ತೆ. ಇಬ್ಬರೂ ಉಣ್ಣಲಿಲ್ಲ.

ಕ್ಯಾನು ಸೋರುತ್ತಿದ್ದುದರಿಂದ ಆ್ಯಸಿಡ್ಡನ್ನು ನೀರಿನ ಬಾಟಲಿಗೆ ಬಗ್ಗಿಸಿಟ್ಟವನು ಭಾಮೈದ. ಹಾಗೆ ಬಗ್ಗಿಸಿದರೆ ಕತ್ತಿಗೆ ಕೆಂಪು ದಾರ ಕಟ್ಟಬೇಕು, ಇದು ನನಗೆ ಕೆಲಸ ಕಲಿಸಿದ ಉಸ್ತಾದರ ಕಾಲದ ಪದ್ಧತಿ, ಅಂಗಡಿಯವರಿಗಷ್ಟೇ ಗೊತ್ತು. ನಾನೇ ಅವನಿಗೆ ಕಲಿಸಿದ್ದು.

"ಕೆಂಪು ದಾರ ಕಟ್ಟಿದ್ನಲ್ಲ ಭಾವ, ಕಾಣ್ಲಿಲ್ವಾ?" ಅಂದುಬಿಟ್ಟ ಸಂಜೆ ಬಂದವನು, ಆಮೇಲೆ ನಾಲಿಗೆ ಕಚ್ಚಿಕೊಂಡ.

"ಕಾಣ್ಲಿಲ್ಲ ಕಣಲೇ. ಅದೇ ನೋಡು ನನ್ ರೋಗ!" ಎಂದು ಉರಿದುಬಿದ್ದೆ. ಪಾಪ, ಅವನೂ ಅಳುತ್ತಿದ್ದ. ಬೆರಳಿಗೆ ಬಣ್ಣ ತಿಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಬಿಸಾಡಿದರೂ ಯಂತ್ರ ಕೆಟ್ಟಿರಲಿಲ್ಲ. ಈಗ ಯಾವುದನ್ನಾದರೂ ಬೇರೆ ಬಾಟಲಿಗೆ ಬಗ್ಗಿಸಿದರೆ ಹಳೆಯ ಬಾರ್‌ಕೋಡು ಕಿತ್ತುಹಾಕಿ, ಯಂತ್ರದ ಜೊತೆ ಬಂದ ಚೀಟಿ ಅಂಟಿಸುತ್ತೇವೆ. ಆ ಚೀಟಿಗೆ ನಮ್ಮದೇ ದನಿ ತುಂಬಬಹುದು, ಯಂತ್ರ ಹಿಡಿದರೆ ಅದೇ ದನಿ ನುಡಿಯುತ್ತದೆ. ಆ್ಯಸಿಡ್ ಚೀಟಿಗೆ ನನ್ನಾಕೆಯೇ ಮಾತಾಡಿದ್ದಾಳೆ: "ಆ್ಯಸಿಡ್ ಐತೆ, ಮುಟ್ಟಬ್ಯಾಡ್ರಿ."

ಆ ದನಿ ಕೇಳಿದಾಗಲೆಲ್ಲ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ. ಬಾಟಲಿ ಅವಳ ದನಿಯಲ್ಲಿ ಮಾತಾಡಿದ ಮಾತ್ರಕ್ಕೆ ಅವಳು ಬದುಕಿದ್ದಾಳೆ ಎಂದೇನೂ ಅಲ್ಲವಲ್ಲ. ಕೆಲಸ ಬಿಟ್ಟು ಮನೆಗೆ ಫೋನು ಮಾಡುತ್ತೇನೆ. ಅವಳು ಎತ್ತುವವರೆಗೂ ರಿಂಗು ಎಣಿಸುತ್ತೇನೆ.

"ಇದೀನಿ ಕಣ್ರೀ," ಎನ್ನುತ್ತಾಳೆ ಅವಳು. "ಕೆಲಸ ನೋಡ್ಕಳ್ರಿ."