ಮುಂಬಾಗಿಲ ಬೇವು

ನಾನು ಕೆಸರೆಯ ಶಾಲೆಗೆ ಹೊಸ ಮೇಷ್ಟ್ರಾಗಿ ಸೇರಿದಾಗ ಅಲ್ಲಿದ್ದ ಹೆಡ್‌ಮೇಡಂ, ಜೂನ್ ತಿಂಗಳ ಮೊದಲ ದಿನ ಮಕ್ಕಳಿಗೆ ಪುಸ್ತಕ ತೆಗೆಯಿರಿ ಎನ್ನುತ್ತಿರಲಿಲ್ಲ. "ತೋಳು ತೋರ್ಸಿ" ಎನ್ನುತ್ತಿದ್ದರು. ಸಿಡುಬು ಬಾರದಂತೆ ದಾಕು ಹಾಕಿಸಿದ ಗುರುತಿಲ್ಲದವರ ಮನೆಗೆ ಅವತ್ತೇ ಸಂಜೆ ಕೊಡೆ ಹಿಡಿದು ಹೊರಡುತ್ತಿದ್ದರು. ಬೆಳಿಗ್ಗೆ ಬರುವಾಗಲೂ ಅವರ ಕಣ್ಣು ಬೀದಿಯ ಬಾಗಿಲುಗಳ ಮೇಲೆಯೇ. ಅಮ್ಮ, ಅಂದರೆ ಸಿಡುಬು, ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ರೂಢಿ. ಆ ಮನೆಯ ಮಕ್ಕಳು ಮೂರು ವಾರ ಶಾಲೆಗೆ ಬರುವಂತಿರಲಿಲ್ಲ.

"ಬೇವು ಕಂಡ್ರೆ ರಜಾ, ಅಷ್ಟೇ ಕಣ್ರೀ" ಎನ್ನುತ್ತಿದ್ದರು ಮೇಡಂ.

ಪಾಠ ತಪ್ಪುತ್ತದೆಂದು ಜನ ಬೇವನ್ನು ಹಿತ್ತಿಲ ಬಾಗಿಲಿಗೆ ಕಟ್ಟತೊಡಗಿದರು. ಆ ಮನೆಗಳ ಮಕ್ಕಳಿಂದ ಸೋಂಕು ಹರಡಿ ಮೂರನೇ ಕ್ಲಾಸಿನಲ್ಲಿ ಬೆಂಚುಗಳು ಖಾಲಿಯಾಗತೊಡಗಿದವು.

ಒಂದು ಬೆಳಿಗ್ಗೆ ಮೇಡಂ ಗೇಟಿನೊಳಗೆ ಬರಲಿಲ್ಲ. ರಸ್ತೆಯ ಆ ಬದಿಯಲ್ಲೇ ನಿಂತು ನನ್ನನ್ನು ಕೂಗಿದರು.

"ಮೇಷ್ಟ್ರೇ, ಊರಿಂದ ಬಂದ ನಮ್ಮಕ್ಕನ ಮಗಳಿಗೆ ಅಮ್ಮ ಬಂದಿದೆ. ನಾನು ಮೂರು ವಾರ ಬರಲ್ಲ. ಮುಂಬಾಗಿಲಿಗೇ ಬೇವು ಕಟ್ಟಿದ್ದೀನಿ."

"ನಾಳೆ ಇನ್‌ಸ್ಪೆಕ್ಷನ್ನು ಮೇಡಂ! ಆ ಬೇವು ಬಿಚ್ಚಿ ಬಂದ್ಬುಡಿ, ಯಾರು ನೋಡ್ತಾರೆ?"

"ನೋಡ್ಲಿ ಅಂತ್ಲೇ ಕಟ್ಟಿರೋದು ಕಣ್ರೀ" ಎಂದು ತಿರುಗಿ ಹೊರಟೇಬಿಟ್ಟರು.

ವಾರದೊಳಗೆ ಮೇಡಂ ಮನೆಯ ಬೀದಿಯಲ್ಲೇ ನಾಲ್ಕು ಮನೆಗಳಲ್ಲಿ ಬೇವು ಹಿತ್ತಿಲಿನಿಂದ ಮುಂಬಾಗಿಲಿಗೆ ಬಂತು.