ಒಂದಿಂಚು ಸಡಿಲ

ನನ್ನ ಗಂಡ ದರ್ಜಿ. ಯಾರ ಬಟ್ಟೆ ಹೊಲಿದರೂ ಒಳಗೆ ಒಂದಿಂಚು ಮಡಚಿ ಬಿಡುತ್ತಿದ್ದರು. ಮೈ ಬಂದರೆ ಬಿಚ್ಚಿಕೊಳ್ಳಬಹುದು. ಹಾಗಾಗಿ ಬೀದಿಯವರಿಗೆಲ್ಲ ಅವರು ಒಂದಿಂಚಣ್ಣ. ಬಿಗಿಯಾದದ್ದು ಯಾವುದೂ ಅವರಿಗೆ ಸೇರುತ್ತಿರಲಿಲ್ಲ.

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಕಿಟಕಿ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು, ಮೂಲೆಯಲ್ಲಿ ಇಸ್ತ್ರಿ ಮೇಜು, ನೆಲದ ತುಂಬ ದಾರದ ಚೂರು. ಒಂದು ದಿನ ಅಲ್ಲೇ ತಲೆ ಸುತ್ತಿ ಕುಸಿದರು. ಡಾಕ್ಟರು ಗುಳಿಗೆ ಕೊಟ್ಟು, ಎದೆಬಡಿತದ ಮೇಲೆ ಒಂದು ಕಣ್ಣಿರಲಿ ಅಂದರು. ಮಗಳು ಕೈಗೆ ಕಟ್ಟುವ ಪಟ್ಟಿ ತಂದಳು. ಗಡಿಯಾರದ ಹಾಗಿದೆ, ಗಡಿಯಾರವಲ್ಲ. ಅಡಿಯಲ್ಲಿ ಹಸಿರು ದೀಪ. ಆ ಬೆಳಕು ಚರ್ಮದೊಳಕ್ಕೆ ಇಳಿದು, ರಕ್ತ ಹರಿಯುವುದನ್ನು ನೋಡಿ ಬಡಿತ ಎಣಿಸುತ್ತದಂತೆ. ಎಣಿಸಿದ್ದು ಮಗಳ ಫೋನಿಗೆ ಹೋಗುತ್ತದಂತೆ. ಅಷ್ಟು ವರ್ಷ ಆ ಎದೆಗೆ ಕಿವಿಯಿಟ್ಟು ಮಲಗಿದವಳು ನಾನು. ನನಗೆ ಕೇಳಿಸಿದ್ದು ಗೊರಕೆ ಮಾತ್ರ.

ಕೆಲವೇ ದಿನದಲ್ಲಿ ಮಗಳು ಓಡಿಬಂದಳು. ಫೋನಿನಲ್ಲಿ ಅಪ್ಪನ ಬಡಿತ ಏರುತ್ತದೆ, ಬೀಳುತ್ತದೆ, ನಡುನಡುವೆ ಕಾಣುವುದೇ ಇಲ್ಲ. ಅದೂ ಹೊಲಿಯುವ ಹೊತ್ತಿನಲ್ಲೇ ಜಾಸ್ತಿ. ಮೆಷಿನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದಳು.

ಅವರು ಕತ್ತರಿ ಕೆಳಗಿಟ್ಟರು. "ಇದು ಹೋದ್ರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಮಗಳೇ?"

"ನಂಗೆ ನೀನು ಬೇಕು ಅಪ್ಪಾ."

ಡಾಕ್ಟರನ್ನೇ ಕೇಳೋಣ, ಅವರು ಹೇಳಿದ ಹಾಗೆ ಆಗಲಿ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಮೆಷಿನ್ನಿಗೆ ದುಪ್ಪಟಿ ಹೊದಿಸಿಟ್ಟೆವು. ಅವರು ಅದರ ಪಕ್ಕ ಕುಳಿತು ಬರೀ ನೆಲವನ್ನು ತುಳಿಯುತ್ತಿದ್ದರು.

ಡಾಕ್ಟರ ಹತ್ತಿರ ಹೋದಾಗ ನರ್ಸಮ್ಮ ಅವರ ಕೈ ಹಿಡಿದವಳು ನಕ್ಕೇಬಿಟ್ಟಳು. ಪಟ್ಟಿ ಬಳೆಯ ಹಾಗೆ ಜಾರಾಡುತ್ತಿತ್ತು. ಇದ್ಯಾಕೆ ಇಷ್ಟು ಸಡಿಲ ಎಂದು ಕೇಳಿದಳು.

"ಒಂದಿಂಚು ಬಿಟ್ಟಿದ್ದೀನಮ್ಮ. ಕೈ ದಪ್ಪ ಆದ್ರೆ ಬೇಕಲ್ಲ."

"ದಪ್ಪ ಆಗೋ ವಯಸ್ಸಾ ಯಜಮಾನ್ರೇ ನಿಮ್ದು?"

ಎಳೆದು ಬಿಗಿ ಮಾಡಿದಳು. ದೀಪ ಚರ್ಮಕ್ಕೆ ಅಂಟಿರಬೇಕು, ಇಲ್ಲದಿದ್ದರೆ ಕೈ ಅಲುಗಿದಾಗಲೆಲ್ಲ ತಪ್ಪು ಎಣಿಸುತ್ತದೆ ಅಂದಳು. ಡಾಕ್ಟರು ಎದೆಗೆ ತಂತಿ ಅಂಟಿಸಿ ನೋಡಿದರು. ಗಾಬರಿ ಏನಿಲ್ಲ, ಪಟ್ಟಿ ಬಿಗಿಯಾಗಿ ಕಟ್ಟಿ ಮೆಷಿನ್ ತುಳಿಸಿ ನೋಡಿ, ಬಡಿತ ಸಮ ಇದ್ದರೆ ಹೊಲಿಯಲಿ ಅಂದರು.

ಮನೆಗೆ ಬಂದು ದುಪ್ಪಟಿ ತೆಗೆದರು. ಪಟ್ಟಿ ಬಿಗಿಯಾಗಿತ್ತು, ಮುಖವೂ. ಮಗಳು ಫೋನು ಹಿಡಿದು ಪಕ್ಕದಲ್ಲಿ ನಿಂತಳು. ಹೆದರಿಕೆಗೋ ಏನೋ, ಮೊದಲು ಅಂಕಿ ಮೇಲಿತ್ತು. ಅವರು ಬಟ್ಟೆ ಇಟ್ಟು, ಸೂಜಿ ಇಳಿಸಿ, ತುಳಿಯತೊಡಗಿದರು. ಸ್ವಲ್ಪ ಹೊತ್ತಿಗೆ ಅಂಕಿ ಇಳಿಯಿತು. ಇಳಿದು ಒಂದೇ ಕಡೆ ನಿಂತಿತು. ಹೊಲಿಗೆ ಹೋಗುತ್ತಲೇ ಇತ್ತು, ಅಂಕಿ ಎಗರಲಿಲ್ಲ. ಮನುಷ್ಯನ ಎದೆಯೊಳಗಿನದು ಹೀಗೆ ಕಣ್ಣೆದುರು ಕಾಣುತ್ತದೆಂದು ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ಕೈ ಮುಗಿಯಬೇಕು ಅನಿಸಿತು. ಯಾರಿಗೆ ಎಂದು ಗೊತ್ತಾಗಲಿಲ್ಲ.

"ಹೊಲ್ಕೋ ಅಪ್ಪಾ," ಎಂದಳು ಮಗಳು. ಧ್ವನಿ ಒದ್ದೆಯಾಗಿತ್ತು.

ಆಮೇಲೆ ಎರಡು ವರ್ಷ ಹೊಲಿದರು. ಹೋದದ್ದು ಎದೆಯಿಂದಲ್ಲ, ಬಿಡದ ಜ್ವರದಿಂದ. ಆಸ್ಪತ್ರೆಯವರು ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಇನ್ನು ನೀನು ಕಟ್ಟಿಕೋ ಎಂದು ಮಗಳು ಹೇಳುತ್ತಲೇ ಇದ್ದಳು. ನಾನು ಬೇಡವೆನ್ನುತ್ತಲೇ ಇದ್ದೆ. ಎಣಿಸಲು ನನ್ನಲ್ಲಿ ಏನಿದೆ?

ಇವತ್ತು ಬೆಳಿಗ್ಗೆ ಕಟ್ಟಿಕೊಂಡೆ. ಅವರು ಹಾಕುತ್ತಿದ್ದ ತೂತಿಗೆ ಹಾಕಿದರೆ ನನಗೆ ಸಡಿಲ. ಹಾಗೇ ಇರಲಿ ಅನಿಸಿತು. ನರ್ಸಮ್ಮನ ಮಾತು ನೆನಪಾಗಿ ಎಳೆದು ಬಿಗಿ ಮಾಡಿದೆ. ಮೆಷಿನ್ನಿನ ಮುಂದೆ ಕುಳಿತೆ. ನನಗೆ ಹೊಲಿಗೆ ಬಾರದು. ದಾರವಿಲ್ಲದೆ ಸುಮ್ಮನೆ ತುಳಿದೆ. ಹಸಿರು ದೀಪ ಹೊತ್ತಿತು. ಪಟ್ಟಿಯ ಮೇಲೆ ಅಂಕಿ ಬಂತು. ಅವರು ಹೋದ ಮೇಲೆ ಒಳಗೆ ಎಲ್ಲ ನಿಂತಿದೆ ಅಂದುಕೊಂಡಿದ್ದೆ. ನನ್ನನ್ನು ಕೇಳದೆ ಅದು ಬಡಿಯುತ್ತಲೇ ಇತ್ತು.

ಮಗಳ ಫೋನು ಬಂತು. "ಅಮ್ಮಾ, ಕಟ್ಕೊಂಡ್ಯಾ?"

ಹೂಂ ಅಂದೆ. ಕಾಲು ನಿಲ್ಲಿಸಲಿಲ್ಲ.